ಆಟ ನಿಲ್ಲಿಸಿ ಕೇಳುವವರು ಬೇಕು

ಮೈಸೂರಿನ ಮೇಟಗಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಎರಡು ಹಳೆಯ ಕಂಪ್ಯೂಟರ್‌ಗಳಿವೆ. ಒಂದು ಅಳಿಯ ಬಿಟ್ಟುಹೋದದ್ದು, ಇನ್ನೊಂದು ಗುಜರಿಗೆ ಹೊರಟಿದ್ದಾಗ ಪಕ್ಕದ ಮನೆಯವರಿಂದ ಕೇಳಿ ಪಡೆದದ್ದು. ಎರಡಕ್ಕೂ ಲಿನಕ್ಸ್ ಹಾಕಿಸಿದ್ದೇನೆ, ಇಂಟರ್ನೆಟ್ ಇಲ್ಲ. ಸಂಜೆ ಐದೂವರೆಗೆ ಏಳೆಂಟು ಮಕ್ಕಳು ಬರುತ್ತಾರೆ. ಕೆಆರ್‌ಎಸ್ ರಸ್ತೆಯ ಟೈರ್ ಕಾರ್ಖಾನೆಯ ಹೆಸರು ಬದಲಾಗಿ ವರ್ಷಗಳಾದರೂ ನಮ್ಮ ಬಾಯಲ್ಲಿ ಅದು ಇನ್ನೂ ವಿಕ್ರಾಂತ್; ಇಬ್ಬರು ಮಕ್ಕಳ ಅಪ್ಪಂದಿರು ಅಲ್ಲಿಗೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಇನ್ನೊಬ್ಬ ಹುಡುಗನ ಮನೆಮಾತು ಹಿಂದಿ, ಕನ್ನಡವನ್ನು ಬೀದಿಯಲ್ಲಿ ಕಲಿತವನು. ಸರ್ಕಾರಿ ಶಾಲೆಗಳಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತಳಾದ ನನಗೆ ಈ ಸಂಜೆಗಳೇ ಈಗ ಶಾಲೆ.

ಹೋದ ವರ್ಷ ಟಕ್ಸ್ ಮ್ಯಾತ್ ಎಂಬ ಆಟ ಹಾಕಿಕೊಟ್ಟಿದ್ದೆ. ಮೇಲಿನಿಂದ ಉಲ್ಕೆಗಳು ಬೀಳುತ್ತವೆ, ಒಂದೊಂದರ ಮೇಲೂ ಒಂದು ಲೆಕ್ಕ. ಸರಿಯುತ್ತರ ಒತ್ತಿದರೆ ಉಲ್ಕೆ ಸಿಡಿಯುತ್ತದೆ. ಮಗ್ಗಿ ಬಾಯಿಗೆ ಬಂದಿದ್ದವರು ಕುಣಿದಾಡಿದರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ 13ರಲ್ಲಿ 8 ಕಳೆಯಲು 4, 6, 5 ಎಂದು ಒಂದರ ಹಿಂದೊಂದು ಒತ್ತಿದಳು. ಉಲ್ಕೆ ಸಿಡಿಯಿತು. ಹೇಗೆ ಬಂತು ಎಂದು ಕೇಳಿದರೆ, ‘ಬಂತಲ್ಲ ಮಿಸ್’ ಎಂದಳು. ಆಟದ ಪ್ರಕಾರ ಅವಳು ಗೆದ್ದಿದ್ದಳು. ಕಳೆಯುವುದು ಎಂದರೇನೆಂದು ಅವಳಿಗೆ ತಿಳಿದಿರಲಿಲ್ಲ.

ಮರುವಾರ ಜಿಕಾಂಪ್ರಿ ಎಂಬ ಇನ್ನೊಂದು ಉಚಿತ ತಂತ್ರಾಂಶದ ತಕ್ಕಡಿ ಆಟ ತೆರೆದೆ. ಒಂದು ತಟ್ಟೆಯಲ್ಲಿ ಒಂದು ವಸ್ತು; ಇನ್ನೊಂದಕ್ಕೆ ತೂಕದ ಬೊಟ್ಟು ಇಡುತ್ತ ಸಮ ಮಾಡಬೇಕು. ಹೆಚ್ಚಾದ ಕಡೆ ತಟ್ಟೆ ಕೆಳಗಿಳಿಯುತ್ತದೆ. ಅದೇ ಹುಡುಗಿ ಬೊಟ್ಟು ಇಟ್ಟಳು, ತಟ್ಟೆ ಇಳಿಯಿತು. ‘ಕೈ ತೆಗಿ, ಈಗ ಎಷ್ಟು ಜಾಸ್ತಿಯಾಯ್ತು ಅಂತ ಹೇಳು’ ಎಂದೆ. ಬಹಳ ಹೊತ್ತು ನೋಡಿ, ಬೆರಳು ಮಡಚಿ, ‘ಎರಡು’ ಎಂದಳು. ಸರಿಯಾಗಿತ್ತು. ಇಲ್ಲಿ ಅವಳ ತಪ್ಪು ಅವಳ ಕಣ್ಣಿಗೇ ಕಾಣಿಸಿತು, ಆಟವನ್ನು ಅರ್ಧಕ್ಕೆ ನಿಲ್ಲಿಸಿ ಕೇಳುವವರೊಬ್ಬರು ಪಕ್ಕದಲ್ಲಿದ್ದರು.

ನಾನು ಹೇಳಬೇಕೆಂದಿರುವುದೂ ಇದನ್ನೇ. ತರಗತಿಗೆ ಆಟ ಬರಲಿ, ತಂತ್ರಾಂಶ ಬರಲಿ. ನಿಲ್ಲಿಸುವ ಅಧಿಕಾರ ಟೀಚರ್ ಕೈಯಲ್ಲಿರಲಿ. ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ, ಟೀಚರನ್ನು ಹಾಜರಿ ಬರೆಯಲು ಕೂರಿಸುವ ವ್ಯವಸ್ಥೆಯನ್ನು ನಾನು ಒಪ್ಪಲಾರೆ.

ಆಟದಿಂದ ಕಲಿಸುವುದಕ್ಕೆ ನಮ್ಮ ಜಿಲ್ಲೆ ಹೊಸದಲ್ಲ. ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ಬರೆದರು, ಕಲಿಕೆಯ ಏಣಿಯನ್ನು ತಾವೇ ಕಟ್ಟಿದರು. ಆ ಕಾರ್ಡುಗಳಿಗೆ ಜೀವ ಬಂದದ್ದು ಬರೆದವರೇ ಕಲಿಸುತ್ತಿದ್ದುದರಿಂದ. ಈ ಶತಮಾನದ ಆರಂಭದಲ್ಲಿ ಅಜೀಂ ಪ್ರೇಂಜಿ ಫೌಂಡೇಷನ್ ಕಂಪ್ಯೂಟರ್ ನೆರವಿನ ಕಲಿಕೆಗೆಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಸಿ.ಡಿ.ಗಳನ್ನು ತಯಾರಿಸಿ ಶಾಲೆಗಳಿಗೆ ಕೊಟ್ಟಿತು. ಕೆಲವು ವರ್ಷಗಳ ಅನುಭವದ ನಂತರ ಆ ಸಂಸ್ಥೆ ಅದನ್ನು ಬಿಟ್ಟು ಶಿಕ್ಷಕರ ಜೊತೆಗಿನ ಕೆಲಸಕ್ಕೆ ಹೊರಳಿತು. ಅಷ್ಟು ಹಣ ಹಾಕಿದ ಮೇಲೂ ದಾರಿ ಬದಲಿಸುವ ಧೈರ್ಯ ತೋರಿದ್ದಕ್ಕೆ ನನಗೆ ಗೌರವವಿದೆ. ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ಕೂಡ, ಶಿಕ್ಷಣ ತಂತ್ರಜ್ಞಾನದಿಂದ ಆಗುವ ಲಾಭಕ್ಕೆ ನಿಷ್ಪಕ್ಷಪಾತವಾದ ಪುರಾವೆ ಕಡಿಮೆ ಎಂದೇ ಹೇಳಿತು.

ನಾನಿದ್ದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆಗೆ ಎರಡು ವರ್ಷ ಬೀಗ ಬಿದ್ದಿತ್ತು. ಗುತ್ತಿಗೆಯ ತರಬೇತುದಾರರು ಹೋದರು, ಯುಪಿಎಸ್ ಬ್ಯಾಟರಿ ಕೆಟ್ಟಿತು. ಸ್ಟಾಕ್ ರಿಜಿಸ್ಟರಿನಲ್ಲಿರುವ ವಸ್ತು ಹಾಳಾದರೆ ಯಾರ ಸಂಬಳದಲ್ಲಿ ಹಿಡಿಯುತ್ತಾರೋ ಎಂಬ ಹೆದರಿಕೆ ನಮಗೆಲ್ಲ. ಮಕ್ಕಳು ಕಿಟಕಿಯ ಸರಳು ಹಿಡಿದು ಒಳಗೆ ಇಣುಕುತ್ತಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಕೀಲಿಯನ್ನು ನಾನೇ ಒಮ್ಮೆ ಕೇಳಿ ಇಸಿದುಕೊಳ್ಳಬೇಕಿತ್ತು.

ಈಚಿನ ಒಂದು ಸಂಜೆಯ ವಿಷಯ ಹೇಳಬೇಕು. ಆಟಗಳೆಂದರೆ ಮೈಸೂರಿಗೆ ಹಳೆಯ ನಂಟು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದಲ್ಲಿ ‘ಕೌತುಕನಿಧಿ’ ಎಂಬ ಇಡೀ ಭಾಗವನ್ನು ಆಟಗಳಿಗೇ ಮೀಸಲಿಟ್ಟವರು. ಆ ಸಂಜೆ ನಾವೂ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕಾಬಾರ ಬರೆದೆವು. ನಾಲ್ಕು ಕವಡೆ ಎಸೆದು, ಬಾಯಿ ಮೇಲಾಗಿ ಬಿದ್ದವನ್ನು ಎಣಿಸಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಮಗುಚಿದರೆ ಬಾರ, ಅಂದರೆ ಎಂಟು. ಒಬ್ಬರು ಎಸೆಯುವುದು, ಇನ್ನೊಬ್ಬರು ಕಂಪ್ಯೂಟರಿನಲ್ಲಿ ಲಿಬ್ರೆಆಫೀಸಿನ ಲೆಕ್ಕದ ಹಾಳೆಯಲ್ಲಿ ಬರೆಯುವುದು. ನೂರು ಸಲ. ಪ್ರತಿ ಎಸೆತಕ್ಕೂ ಪರದೆಯ ಮೇಲಿನ ಕಂಬಗಳು ಬೆಳೆಯುತ್ತಿದ್ದವು. ಎರಡರ ಕಂಬ ಎಲ್ಲವನ್ನೂ ಮೀರಿಸಿತು. ಚೌಕ, ಬಾರ ಎರಡೂ ನೆಲ ಬಿಟ್ಟು ಏಳಲಿಲ್ಲ. ಬೇಡಿಕೊಂಡು ಎಸೆದರೆ ಚೌಕ ಬರುತ್ತದೆ ಎನ್ನುತ್ತಿದ್ದ ಹುಡುಗ ಸುಮ್ಮನಾದ.

ಅಲ್ಲಿ ನಿಲ್ಲಿಸಿದೆ. ಕಂಪ್ಯೂಟರಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು, ನಾಲ್ಕು ಕವಡೆ ಬೀಳಬಹುದಾದ ಹದಿನಾರು ಬಗೆಯನ್ನೂ ಬರೆದೆವು. ಎರಡು ಬರುವುದಕ್ಕೆ ಆರು ಬಗೆ, ಒಂದಕ್ಕೆ ನಾಲ್ಕು, ಮೂರಕ್ಕೆ ನಾಲ್ಕು, ಚೌಕಕ್ಕೆ ಒಂದೇ, ಬಾರಕ್ಕೆ ಒಂದೇ. ನನ್ನ ಪಾಠ ಮುಗಿಯಿತು ಅಂದುಕೊಂಡೆ. ಆಗ 13ರಲ್ಲಿ 8 ಕಳೆಯಲು ಒದ್ದಾಡಿದ ಆ ಹುಡುಗಿಯೇ ಪರದೆ ತೋರಿಸಿದಳು: ‘ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕೇ ಅಂದ್ರಿ ಮಿಸ್, ನಮ್ಮದರಲ್ಲಿ ಮೂರರ ಕಂಬ ಉದ್ದ ಯಾಕಿದೆ?’ ಕವಡೆಯ ಬೆನ್ನು ಉಬ್ಬು, ಬಾಯಿ ಕಡೆ ಚಪ್ಪಟೆ. ಎರಡೂ ಕಡೆ ಸಮನಾಗಿ ಬೀಳಬೇಕೆಂದೇನೂ ಇಲ್ಲ. ಅಥವಾ ನೂರು ಎಸೆತ ಸಾಲದೆಯೂ ಇರಬಹುದು. ಎರಡನ್ನೂ ಹೇಳಿದೆ. ಆ ಸಂಜೆ ಕಂಪ್ಯೂಟರ್ ಇಲ್ಲದಿದ್ದರೆ ಆ ಕಂಬ ಅವಳಿಗೆ ಕಾಣುತ್ತಿರಲಿಲ್ಲ. ಕಂಪ್ಯೂಟರ್ ಮಾತ್ರ ಇದ್ದಿದ್ದರೆ ಆ ಪ್ರಶ್ನೆಯನ್ನು ಕೇಳುವುದಕ್ಕೆ ಅವಳಿಗೆ ಯಾರೂ ಇರುತ್ತಿರಲಿಲ್ಲ.

ಶಾಲೆಗಳಿಗೆ ತಂತ್ರಾಂಶ ಕೊಳ್ಳುವವರು ದಯವಿಟ್ಟು ಒಮ್ಮೆ ಮಕ್ಕಳ ಪಕ್ಕ ಕೂತು ನೋಡಲಿ. ಇಂಟರ್ನೆಟ್ ಇಲ್ಲದೆ ನಡೆಯದ್ದು, ಕನ್ನಡದಲ್ಲಿ ಮಾತಾಡದ್ದು, ಲೆಕ್ಕದ ಸಂಖ್ಯೆಗಳನ್ನು ಟೀಚರ್ ಬದಲಿಸಲಾಗದ್ದು ನಮಗೆ ಬೇಡ. ಬಳಸಿ ಕೆಟ್ಟ ಕಂಪ್ಯೂಟರಿಗೆ ಶಿಕ್ಷಕರ ಮೇಲೆ ವಸೂಲಿ ಇಲ್ಲ ಎಂದು ಒಂದು ಸುತ್ತೋಲೆ ಹೊರಡಿಸಿದರೂ ಎಷ್ಟೋ ಬೀಗಗಳು ತೆರೆದಾವು. ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಅಂಕಿಅಂಶ ತುಂಬಿಸುವುದನ್ನು ಒಂದು ತಿಂಗಳು ಬಿಟ್ಟು, ಟೀಚರುಗಳು ತಾವೇ ಒಂದು ಆಟ ಆಡಿ ನೋಡಲಿ. ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು ಎಂದು ಜಗಳವಾಡಲಿ.

ಕವಡೆ ಎಸೆದ ಮಾರನೇ ದಿನ ಆ ಹುಡುಗಿ ಐದು ಗಂಟೆಗೇ ಬಂದಳು. ಮುಷ್ಟಿ ಬಿಚ್ಚಿದರೆ ನಾಲ್ಕು ಹುಣಸೆ ಬೀಜ. ಒಂದು ಕಡೆ ಬಿಳಿ ಕಾಣುವಷ್ಟು ಕಲ್ಲಿಗೆ ತಿಕ್ಕಿ ತಂದಿದ್ದಳು. ‘ಇದರಲ್ಲಿ ಇನ್ನೂರು ಸಲ ಎಸೀತೀನಿ ಮಿಸ್, ನೀವು ಬರ್ಕೊಳ್ಳಿ’ ಎಂದಳು.