ಕನ್ನಡ ಸಾಫ್ಟ್‌ವೇರ್ ಬಿಡುಗಡೆಗೆ ಹಾರ, ಅದನ್ನು ಕಾಯುವ ಪರೀಕ್ಷೆಗೆ ಯಾರು?

ಅವರ್ಸಾದ ನಿವೃತ್ತ ಅಕ್ಕೋರೊಬ್ಬರು ಒಂದು ಅರ್ಜಿಯ ಪ್ರಿಂಟ್ ಹಿಡಿದು ನಮ್ಮ ಹತ್ತಿರ ಬಂದರು. ವಿಳಾಸದ ಸಾಲಿನಲ್ಲಿ ಊರ ಹೆಸರು 'ಅವರ್‌ಸಾ' ಎಂದು ಮೂಡಿತ್ತು. ಅರ್ಕಾವತ್ತು ಮಾಯ. ಪರದೆಯ ಮೇಲೆ ಸರಿಯಾಗಿಯೇ ಕಂಡಿತ್ತಂತೆ, ಕಾಗದಕ್ಕೆ ಇಳಿಯುವಾಗ ಕೆಟ್ಟಿದೆ. ಟೈಪ್ ಮಾಡಿಕೊಟ್ಟ ಹುಡುಗನನ್ನು ಕೇಳಿದರೆ, "ಮೊನ್ನೆವರೆಗೆ ಸರಿ ಇತ್ತು, ಅಪ್‌ಡೇಟ್ ಆದ ಮೇಲೆ ಹೀಗೆ" ಎಂದ. ಅವನ ಕಂಪ್ಯೂಟರಿನಲ್ಲಿ ಇದ್ದದ್ದು ದುಡ್ಡು ಕೊಡದೆ ಸಿಗುವ ಲಿನಕ್ಸ್.

"ಮೂವತ್ತು ವರ್ಷ ಮಕ್ಕಳಿಗೆ ಅರ್ಕಾವತ್ತು ತಿದ್ದಿಸಿದೆ ತಮ್ಮಾ. ಈ ಯಂತ್ರಕ್ಕೆ ತಿದ್ದಿಸುವವರು ಯಾರು?" ಎಂದು ಅಕ್ಕೋರು ಕೇಳಿದರು.

ಸರಿಯಾದ ಪ್ರಶ್ನೆ. ಕನ್ನಡ ತಂತ್ರಾಂಶದ ಹೆಸರಿನಲ್ಲಿ ವೇದಿಕೆ ಹತ್ತುವ ಎಲ್ಲರೂ ಉತ್ತರಿಸಬೇಕಾದ ಪ್ರಶ್ನೆ. ನಮ್ಮ ಮಾತು ಇಷ್ಟೇ: ಹೊಸ ಫಾಂಟು, ಹೊಸ ಆ್ಯಪ್, ಹೊಸ ಆವೃತ್ತಿ ಬಿಡುಗಡೆ ಮಾಡುವುದಕ್ಕೆ ನಾವು ಹಾರ ತರುತ್ತೇವೆ, ಪೇಪರಿನಲ್ಲಿ ಫೋಟೋ ಹಾಕುತ್ತೇವೆ. ಅದು ನಾಳೆಯೂ ಕೆಲಸ ಮಾಡುತ್ತದೆಯೇ ಎಂದು ದಿನಾ ನೋಡುವ ಕೆಲಸಕ್ಕೆ ಹಣವನ್ನೂ ಇಡುವುದಿಲ್ಲ, ಆಳನ್ನೂ ಇಡುವುದಿಲ್ಲ. ವರದಿಗಾರರಾದ ನಾವೂ ಬಿಡುಗಡೆಯ ಸುದ್ದಿ ಬರೆದವರೇ ಹೊರತು, ಎರಡು ವರ್ಷದ ನಂತರ ಅದು ಏನಾಯಿತು ಎಂದು ಹೋಗಿ ನೋಡಿದವರಲ್ಲ. ಆ ತಪ್ಪನ್ನು ಮೊದಲು ಒಪ್ಪಿಕೊಂಡೇ ಮುಂದೆ ಬರೆಯುತ್ತೇವೆ.

ಲಿನಕ್ಸ್ ಎಂದರೆ ಒಂದೇ ಡಬ್ಬಿಯಲ್ಲಿ ಬರುವ ಸಾಮಾನಲ್ಲ. ಸಾವಿರಾರು ಜನ ಬೇರೆ ಬೇರೆ ಕಡೆ ಕೂತು ಬರೆದ ತುಂಡುಗಳನ್ನು ಒಟ್ಟು ಮಾಡಿ, ಹೊಂದಿಸಿ, ನಮಗೆ ಕೊಡುವ ಗುಂಪುಗಳಿವೆ. ಇವಕ್ಕೆ ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ ಎನ್ನುತ್ತಾರೆ. 1993ರಲ್ಲಿ ಶುರುವಾದ ಡೆಬಿಯನ್ ಅಂಥ ಒಂದು ಡಿಸ್ಟ್ರೋ, ಸ್ವಯಂಸೇವಕರು ನಡೆಸುವುದು. ಅದರಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಕನ್ನಡದ ಗುಬ್ಬಿ, ನವಿಲು ಫಾಂಟುಗಳೂ ಅದರೊಳಗೆ ಇವೆ. ಅನೇಕರು ಹೆಸರು ಕೇಳಿರುವ ಉಬುಂಟು ಡೆಬಿಯನ್ ಮೇಲೆಯೇ ನಿಂತಿದೆ. ಕೇಂದ್ರ ಸರಕಾರದ ಸಿ-ಡ್ಯಾಕ್ ತಯಾರಿಸಿದ ಬಾಸ್ ಲಿನಕ್ಸ್ ಕೂಡ ಡೆಬಿಯನ್ನಿನಿಂದಲೇ ಬಂದದ್ದು.

ಈ ಅರವತ್ತು ಸಾವಿರದಲ್ಲಿ ಒಂದು ತುಂಡು ಬದಲಾದರೆ ಇನ್ನೆಲ್ಲೋ ಒಂದು ಕೆಡಬಹುದು. ಮನುಷ್ಯರು ಕೂತು ಎಲ್ಲವನ್ನೂ ನೋಡಲು ಆಗುವುದಿಲ್ಲ. ಅದಕ್ಕೇ ಸ್ವಯಂಚಾಲಿತ ಪರೀಕ್ಷೆಗಳಿವೆ. ಡೆಬಿಯನ್ನಿಗೆ ಹೊಸ ಪ್ಯಾಕೇಜ್ ಬಂದಾಗ ಅದರ ಪರೀಕ್ಷೆಯ ಜೊತೆಗೆ, ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳ ಪರೀಕ್ಷೆಯನ್ನೂ ಯಂತ್ರ ಓಡಿಸುತ್ತದೆ. ಮೊದಲು ಪಾಸಾಗುತ್ತಿದ್ದದ್ದು ಈಗ ಫೇಲಾದರೆ, ಹೊಸ ಪ್ಯಾಕೇಜು ಮುಂದಿನ ಹಂತಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಬಗೆಯ ಪರೀಕ್ಷೆ ಇದೆ, ಓಪನ್‌ಕ್ಯೂಎ. ಓಪನ್‌ಸುಸೆ, ಫೆಡೋರಾ ಎಂಬ ಡಿಸ್ಟ್ರೋಗಳು ಅದನ್ನು ಬಳಸುತ್ತವೆ. ಅದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಇದೆ ಎನ್ನುವಂತೆ ನಟಿಸಿ, ಡಿಸ್ಟ್ರೋವನ್ನು ಮೊದಲಿನಿಂದ ಇನ್‌ಸ್ಟಾಲ್ ಮಾಡುತ್ತದೆ. ನಾವು ಒತ್ತುವ ಹಾಗೆಯೇ ಬಟನ್ ಒತ್ತುತ್ತದೆ, ಪರದೆಯ ಚಿತ್ರ ತೆಗೆಯುತ್ತದೆ, 'ಸರಿಯಾದರೆ ಹೀಗೆ ಕಾಣಬೇಕು' ಎಂದು ಮೊದಲೇ ಇಟ್ಟ ಚಿತ್ರದ ಜೊತೆ ಹೋಲಿಸುತ್ತದೆ. ತಾಳೆಯಾಗದಿದ್ದರೆ ಕೆಂಪು ಗುರುತು.

"ಹಾಗಾದರೆ ಯಂತ್ರವೇ ನೋಡಿಕೊಳ್ಳುತ್ತದಲ್ಲ, ಜನ ಯಾಕೆ?" ಎಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರೇ ನಮ್ಮನ್ನು ಕೇಳಿದ್ದಾರೆ. ಇಲ್ಲೇ ಎಲ್ಲರೂ ಮೋಸ ಹೋಗುವುದು.

ಇಟ್ಟ ಚಿತ್ರ ಹಳತಾಗುತ್ತದೆ. ಡಿಸ್ಟ್ರೋದವರು ಒಂದು ಬಟನ್ನಿನ ಬಣ್ಣ ಬದಲಿಸಿದರೆ, ಫಾಂಟ್ ತುಸು ದಪ್ಪವಾದರೆ, ಏನೂ ಕೆಡದಿದ್ದರೂ ಪರೀಕ್ಷೆ ಫೇಲ್ ಎನ್ನುತ್ತದೆ. ಆಗ ಒಬ್ಬ ಮನುಷ್ಯ ಕೂತು ನೋಡಿ, ಇದು ನಿಜವಾದ ತಪ್ಪೋ ಬರೀ ಬಣ್ಣ ಬದಲಾದದ್ದೋ ಎಂದು ತೀರ್ಮಾನಿಸಿ, ಹೊಸ ಚಿತ್ರ ಇಡಬೇಕು. ಕೆಲವು ಪರೀಕ್ಷೆಗಳು ಇಂದು ಪಾಸು, ನಾಳೆ ಫೇಲು, ನಾಡಿದ್ದು ಮತ್ತೆ ಪಾಸು. ಕಾರಣ ಹುಡುಕಲು ಎರಡು ದಿನ ಹೋಗುತ್ತದೆ. ಹುಡುಕದೆ ಬಿಟ್ಟರೆ ಅದು ರಾತ್ರಿಯೆಲ್ಲ ಸುಮ್ಮಸುಮ್ಮನೆ ಬೊಗಳುವ ನಾಯಿಯ ಹಾಗೆ. ಕಳ್ಳ ಬಂದ ದಿನವೂ ಯಾರೂ ಏಳುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಷೇಧವಿದ್ದಾಗ ಬಲೆ ಬಿಡಿಸಿ ಹರಿದಲ್ಲಿ ಹೊಲಿಯುತ್ತಾರೆ. ಆ ಕೆಲಸದ ಫೋಟೋ ಯಾವ ಪೇಪರಿನಲ್ಲೂ ಬರುವುದಿಲ್ಲ. ಹೊಲಿಯದೆ ಆಗಸ್ಟ್‌ನಲ್ಲಿ ದೋಣಿ ಇಳಿಸಿದವನ ಗತಿ ಏನೆಂದು ಎಲ್ಲರಿಗೂ ಗೊತ್ತು.

ಈಗ ಅಕ್ಕೋರ ಅರ್ಜಿಗೆ ಬರೋಣ. ನಮ್ಮೂರ ಹೆಸರೇ ಒಂದು ಪರೀಕ್ಷೆ. ಟೈಪ್ ಮಾಡುವಾಗ 'ರ್' ಮೊದಲು, 'ಸಾ' ಆಮೇಲೆ. ಕಾಣುವಾಗ ಸಾ ಮೊದಲು ಬಂದು, ಅರ್ಕಾವತ್ತು ಅದರ ಪಕ್ಕ ಕೂರಬೇಕು. ಯಂತ್ರ ಜಾಗ ಅದಲುಬದಲು ಮಾಡಬೇಕು. ಅಂಕೋಲಾ ನೋಡಿ: 'ಕೋ' ಎಂಬಲ್ಲಿ ಒಂದೇ ಸ್ವರ, ಆದರೆ ಅದರ ಚಿಹ್ನೆ ಮೇಲೆ, ಪಕ್ಕದಲ್ಲಿ, ಕೊನೆಗೆ ದೀರ್ಘ ಎಂದು ತುಂಡುತುಂಡಾಗಿ ಕೂರುತ್ತದೆ. ಹಟ್ಟಿಕೇರಿಯ 'ಟ್ಟಿ'ಯಲ್ಲಿ ಗುಡಿಸು ಮೇಲೆ, ಒತ್ತು ಕೆಳಗೆ. ಇನ್ನು 'ರ‍್ಯಾಂಕ್' ಎಂದು ಬರೆಯಲು ಕಣ್ಣಿಗೆ ಕಾಣದ ಒಂದು ಕೂಡಿಸುವ ಗುರುತನ್ನೇ ನಡುವೆ ಇಡಬೇಕು. ಅದು ಕಳೆದುಹೋದರೆ 'ರ್ಯಾಂಕ್' ಆಗುತ್ತದೆ.

ಹೀಗೆ ಅಕ್ಷರ ಜೋಡಿಸುವ ಕೆಲಸವನ್ನು ಲಿನಕ್ಸಿನಲ್ಲಿ ಹೆಚ್ಚಾಗಿ ಮಾಡುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ ಈ ಸಾಲುಗಳನ್ನು ಜೋಡಿಸಿದ್ದೂ ಅದೇ. "ಲಿನಕ್ಸ್ ಗೋಜು ಹಳ್ಳಿಯವರಿಗೆ ಯಾಕೆ?" ಎನ್ನುವವರಿಗೆ ಇದೇ ಉತ್ತರ: ಅದು ನಿಮ್ಮ ಕಿಸೆಯಲ್ಲಿದೆ.

ಹಾರ್ಫ್‌ಬಜ್ ಬರೆದ ಬೆಹದಾದ್ ಎಸ್ಫಹ್‌ಬೋದ್ ಇರಾನ್ ಮೂಲದವರು. ಸುಮಾರು 2012ರಲ್ಲಿ ಭಾರತೀಯ ಲಿಪಿಗಳ ಕೆಲಸ ಮಾಡುವಾಗ ಅವರು ಕನ್ನಡ ವಿಕಿಪೀಡಿಯದ ಒಂಬತ್ತು ಲಕ್ಷಕ್ಕೂ ಹೆಚ್ಚು ಪದಗಳನ್ನು ಯಂತ್ರಕ್ಕೆ ಕೊಟ್ಟು, ವಿಂಡೋಸ್ ಜೋಡಿಸಿದ್ದರ ಜೊತೆ ಹೋಲಿಸಿದರು. ವ್ಯತ್ಯಾಸ ಸಾವಿರಕ್ಕೆ ಒಂದಕ್ಕಿಂತ ಕಡಿಮೆಗೆ ಇಳಿಯಿತು. ವಿಕಿಪೀಡಿಯದಲ್ಲಿ ಬರೆದ ಕನ್ನಡಿಗರು ತಮಗೆ ತಿಳಿಯದೆಯೇ ಆ ಪರೀಕ್ಷೆಗೆ ಪದ ಒದಗಿಸಿದ್ದರು. ತಿಳಿದು ಒದಗಿಸಿದ್ದರೆ ಇನ್ನೆಷ್ಟು ಆಗುತ್ತಿತ್ತು!

ಹಾಗಿದ್ದರೂ ಅಕ್ಕೋರ ಕಾಗದದಲ್ಲಿ ಯಾಕೆ ಕೆಟ್ಟಿತು? ಅಕ್ಷರ ಜೋಡಿಸುವುದು ಒಂದು ತುಂಡು. ಫಾಂಟ್ ಇನ್ನೊಂದು. ಪಿಡಿಎಫ್ ಮಾಡುವುದು ಮತ್ತೊಂದು. ಪ್ರಿಂಟರಿಗೆ ಕಳಿಸುವುದು ಮಗದೊಂದು. ಒಂದೊಂದೂ ಬೇರೆಯವರದ್ದು, ಬೇರೆ ಬೇರೆ ದಿನ ಅಪ್‌ಡೇಟ್ ಆಗುತ್ತದೆ. ಒಂದೊಂದೂ ತನ್ನ ಪರೀಕ್ಷೆಯಲ್ಲಿ ಪಾಸಾಗಿ, ಎಲ್ಲ ಸೇರಿದಾಗ ಫೇಲಾಗಬಹುದು. ಅದಕ್ಕೇ ಇಡೀ ವ್ಯವಸ್ಥೆಯ ಪರೀಕ್ಷೆ ಬೇಕು: 'ಅವರ್ಸಾ' ಎಂದು ಟೈಪ್ ಮಾಡು, ಪಿಡಿಎಫ್ ಮಾಡು, ಚಿತ್ರ ತೆಗೆ, ಹೋಲಿಸು. ಪ್ರತಿ ಅಪ್‌ಡೇಟಿಗೂ.

ಫೆಡೋರಾದ ಪರೀಕ್ಷೆಗಳಲ್ಲಿ ಫ್ರೆಂಚ್, ರಷ್ಯನ್, ಜಪಾನಿ, ಅರೇಬಿಕ್ ಭಾಷೆಗಳಲ್ಲಿ ಇನ್‌ಸ್ಟಾಲ್ ಮಾಡಿ ನೋಡುವ ಪರೀಕ್ಷೆಗಳಿವೆ. ಅವೇನು ತಾವಾಗಿ ಹುಟ್ಟಲಿಲ್ಲ. ಯಾರೋ ಕೂತು ಬರೆದರು, ಕೆಟ್ಟಾಗಲೆಲ್ಲ ಸರಿ ಮಾಡುತ್ತಿದ್ದಾರೆ. ಡೆಬಿಯನ್ನಿನ ಚಿತ್ರರೂಪದ ಇನ್‌ಸ್ಟಾಲರಿನಲ್ಲಿ ಕನ್ನಡ ಆರಿಸಿಕೊಳ್ಳಲು ಬರುತ್ತದೆ. ಕೆಲವು ಕನ್ನಡಿಗರು ಸದ್ದಿಲ್ಲದೆ ಅನುವಾದ ಮಾಡಿದ ಫಲ ಅದು. ಅವರಿಗೆ ಕೈಮುಗಿಯುತ್ತೇವೆ. ಆದರೆ ಅನುವಾದ ಒಮ್ಮೆ ಮಾಡಿದರೆ ಮುಗಿಯುವುದಿಲ್ಲ. ಆ ಸಾಲಿನಲ್ಲಿ ಕನ್ನಡವೂ ನಿಲ್ಲಬೇಕು, ನಿಂತೇ ಇರಬೇಕು.

ಪರೀಕ್ಷೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಭಾಷೆಯ ಉದಾಹರಣೆ ಸಾಕು. 2018ರ ಫೆಬ್ರುವರಿಯಲ್ಲಿ ತೆಲುಗಿನ 'ಜ್ಞಾ' ಎಂಬ ಒಂದು ಅಕ್ಷರ ಮೆಸೇಜಿನಲ್ಲಿ ಬಂದರೆ ಸಾಕು, ಐಫೋನಿನ ಆ್ಯಪ್‌ಗಳು ಕುಸಿಯುತ್ತಿದ್ದವು. ಜಗತ್ತಿನ ದುಬಾರಿ ಕಂಪನಿ, ಕೋಟ್ಯಂತರ ಜನ ಆಡುವ ಭಾಷೆ, ಶಾಲೆಯಲ್ಲಿ ಕಲಿಸುವ ಅಕ್ಷರ. ಬಿಡುಗಡೆಗೆ ಮುಂಚೆ ಹಿಡಿಯಬೇಕಾದ ತಪ್ಪು, ಜನರ ಕೈಗೆ ಹೋದ ಮೇಲೆ ಸಿಕ್ಕಿತು. "ಕಂಪನಿಯವರು ನೋಡಿಕೊಳ್ಳುತ್ತಾರೆ" ಎನ್ನುವ ವಾದ ಅಲ್ಲಿಗೆ ಮುಗಿಯಿತು.

ಇನ್ನು "ಸ್ವಯಂಸೇವಕರು ಮಾಡಲಿ ಬಿಡಿ" ಎನ್ನುವವರಿದ್ದಾರೆ. ಅವರಿಗೆ 2024ರ ಮಾರ್ಚ್ ನೆನಪಿಸುತ್ತೇವೆ. ಎಕ್ಸ್‌ಝಡ್ ಎಂಬ ಚಿಕ್ಕ ತಂತ್ರಾಂಶವನ್ನು ಬಹಳ ವರ್ಷ ಒಬ್ಬರೇ, ಸಂಬಳವಿಲ್ಲದೆ, ದಣಿದು ನೋಡಿಕೊಳ್ಳುತ್ತಿದ್ದರು. ಸಹಾಯ ಮಾಡುತ್ತೇನೆಂದು ಬಂದವನೊಬ್ಬ ವರ್ಷಗಟ್ಟಲೆ ನಂಬಿಕೆ ಗಳಿಸಿ, ಅದರೊಳಗೆ ಕಳ್ಳಬಾಗಿಲು ಇಟ್ಟ. ಎಲ್ಲಿ ಬಚ್ಚಿಟ್ಟ ಗೊತ್ತೇ? ಪರೀಕ್ಷೆಗೆಂದು ಇಡುವ ಕಡತಗಳಲ್ಲಿ. ಯಾರೂ ತೆರೆದು ನೋಡದ ಜಾಗ ಅದೇ ಎಂದು ಅವನಿಗೆ ಗೊತ್ತಿತ್ತು! ಡೆಬಿಯನ್, ಫೆಡೋರಾಗಳ ಇನ್ನೂ ಪರೀಕ್ಷೆಯಲ್ಲಿದ್ದ ಆವೃತ್ತಿಗಳಿಗೆ, ಓಪನ್‌ಸುಸೆಯ ಒಂದು ಆವೃತ್ತಿಗೂ ಅದು ಹೊಕ್ಕಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹಿಡಿದರು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಅದು ಇನ್ನೂ ತಲುಪಿರಲಿಲ್ಲ. ಯಂತ್ರಗಳೆಲ್ಲ ಹಸಿರು ಗುರುತು ತೋರಿಸುತ್ತಿದ್ದಾಗ ಉಳಿಸಿದ್ದು ಅನುಮಾನಪಟ್ಟ ಒಬ್ಬ ಮನುಷ್ಯ. ಪರೀಕ್ಷೆ ಇದ್ದರಷ್ಟೇ ಸಾಲದು, ಪರೀಕ್ಷೆಯನ್ನೂ ನೋಡುವ ಕಣ್ಣು ಬೇಕು. ಆ ಕಣ್ಣಿಗೆ ಊಟ ಹಾಕುವವರೂ ಬೇಕು.

ಹಾಗಾದರೆ ಯಾರು ಏನು ಮಾಡಬೇಕು?

ಸರಕಾರಕ್ಕೆ ಹೇಳುವುದು: ಕನ್ನಡ ತಂತ್ರಾಂಶಕ್ಕೆ ಟೆಂಡರ್ ಕರೆದರೆ, ಕನಿಷ್ಠ ಐದು ವರ್ಷದ ಪರೀಕ್ಷೆ ಮತ್ತು ಅದರ ನಿರ್ವಹಣೆಯನ್ನೂ ಟೆಂಡರಿನಲ್ಲೇ ಬರೆಯಿರಿ. ಕೇರಳ ತನ್ನ ಶಾಲೆಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ 2019ರಲ್ಲಿ ಉಬುಂಟು ಆಧಾರಿತ ವ್ಯವಸ್ಥೆ ಹಾಕಿತು, ಮೂರು ಸಾವಿರ ಕೋಟಿ ರೂಪಾಯಿ ಉಳಿಯುತ್ತದೆ ಎಂದಿತು. ಅದಕ್ಕಾಗಿ ಕೈಟ್ ಎಂಬ ಸಂಸ್ಥೆಯನ್ನೇ ಇಟ್ಟುಕೊಂಡಿದೆ. ಹಾಗೆ ಉಳಿಯುವ ಹಣದ ಒಂದು ಚೂರು ಸಾಕು, ಕನ್ನಡದ ಪರೀಕ್ಷೆ ನೋಡಿಕೊಳ್ಳಲು ನಾಲ್ಕು ಜನರಿಗೆ ಸಂಬಳ ಕೊಡಬಹುದು. ಅವರು ಬೆಂಗಳೂರಿನಲ್ಲೇ ಇರಬೇಕೆಂದೂ ಇಲ್ಲ. ಇಂಟರ್ನೆಟ್ ಇದ್ದರೆ ಅವರ್ಸಾದಲ್ಲೂ ಆಗುವ ಕೆಲಸ ಇದು.

ಕಾಲೇಜುಗಳಿಗೆ ಹೇಳುವುದು: ಮಾಜಾಳಿಯಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ಮಕ್ಕಳು ಮತ್ತೊಂದು ಹಾಜರಾತಿ ಆ್ಯಪ್ ಮಾಡುವ ಬದಲು ಕನ್ನಡದ ಹತ್ತು ಪರೀಕ್ಷೆ ಬರೆದು ಡೆಬಿಯನ್ನಿಗೋ ಫೆಡೋರಾಕ್ಕೋ ಕಳಿಸಲಿ. ಮುಂದಿನ ವರ್ಷದ ಮಕ್ಕಳು ಅದನ್ನೇ ನೋಡಿಕೊಳ್ಳಲಿ. ಹಳೆಯದನ್ನು ಕಾಪಾಡಿದ್ದಕ್ಕೂ ಅಂಕ ಕೊಡಿ.

ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನೀರಿಗೆ ಬಿದ್ದಾಗ ನಾವೆಲ್ಲ ಕೇಳಿದ ಪ್ರಶ್ನೆ ಒಂದೇ: ಇದನ್ನು ಯಾರು ತಪಾಸಣೆ ಮಾಡುತ್ತಿದ್ದರು? ಅಲ್ಲಿ ಚಾಲಕನ ಜೀವ ಉಳಿದದ್ದು ಪುಣ್ಯ. ಒಂದು ಅಕ್ಷರ ಕೆಟ್ಟರೆ ಜೀವ ಹೋಗುವುದಿಲ್ಲ, ಒಪ್ಪುತ್ತೇವೆ. ಆದರೆ ಹೆಸರು ತಪ್ಪಾದ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರನ್ನು ಕೇಳಿ ನೋಡಿ. ಒಂದು ದಿನದ ಕೂಲಿ, ಬಸ್ ಚಾರ್ಜು, ಸಾಲಿನಲ್ಲಿ ನಿಂತ ಕಾಲುನೋವು ಎಲ್ಲ ಅವರದ್ದೇ.

ಕೊನೆಗೆ ನಿಮಗೆ. ಕನ್ನಡ ಕೆಟ್ಟು ಮೂಡಿದರೆ 'ಕಂಪ್ಯೂಟರ್ ಅಲ್ವಾ, ಹಾಗೇ' ಎಂದು ಬಿಡಬೇಡಿ. ಫೋಟೋ ತೆಗೆಯಿರಿ. ಹೇಗೆ ಬರಬೇಕಿತ್ತು, ಹೇಗೆ ಬಂತು, ಯಾವ ಕಂಪ್ಯೂಟರ್, ಯಾವಾಗ ಅಪ್‌ಡೇಟ್ ಆಯಿತು, ಇಷ್ಟನ್ನು ಬರೆದಿಡಿ. ಪರೀಕ್ಷೆ ಬರೆಯುವವರಿಗೆ ಬೇಕಾದ ಮೊದಲ ಸಾಮಾನು ಅದೇ. ಅಂಕೋಲೆಯಿಂದ ಕಾರವಾರದವರೆಗಿನ ಊರುಗಳ ಹೆಸರುಗಳನ್ನು ನಾವು ಒಂದು ಪಟ್ಟಿ ಮಾಡಲು ಶುರು ಮಾಡಿದ್ದೇವೆ. ಒತ್ತು, ದೀರ್ಘ, ಅರ್ಕಾವತ್ತು ಇರುವ ನಿಮ್ಮೂರ ಹೆಸರು, ಕೇರಿಯ ಹೆಸರು, ಮನೆತನದ ಹೆಸರು ಕಳಿಸಿ. ಪಟ್ಟಿಯ ಮೊದಲ ಸಾಲಿನಲ್ಲಿ ಅವರ್ಸಾ ಇದೆ. ಅಕ್ಷರ ತಪ್ಪಿಲ್ಲ ಎಂದು ಅಕ್ಕೋರೇ ನೋಡಿಕೊಟ್ಟಿದ್ದಾರೆ.