ಅಹ್ಮದ್ ಖಾನ್ ಎಂದರೆ ಬರಿಗಾಲಷ್ಟೇ ಅಲ್ಲ

ಪಡೀಲಿನ ಮಂಗಳೂರು ಜಂಕ್ಷನ್‌ನಲ್ಲಿ ಬೆಂಗಳೂರಿನ ರೈಲು ಹತ್ತುವ ಕರಾವಳಿಯ ಹುಡುಗರಲ್ಲಿ ಫುಟ್‌ಬಾಲ್ ಹುಚ್ಚಿನವರೂ ಇರುತ್ತಾರೆ. ಮೆಸ್ಸಿ, ರೊನಾಲ್ಡೊ ಅವರಿಗೆ ಬಾಯಿಪಾಠ. ತಾವು ಹೊರಟಿರುವ ಊರಿನ ಅಹ್ಮದ್ ಖಾನ್ ಎರಡು ಒಲಿಂಪಿಕ್ಸ್ ಆಡಿದ್ದರೆಂದು ಅವರಿಗೆ ಹೇಳಿಕೊಟ್ಟವರು ಕಡಿಮೆ.

1926ರಲ್ಲಿ ಹುಟ್ಟಿದ ಅಹ್ಮದ್, ಬೆಂಗಳೂರು ಮುಸ್ಲಿಮ್ಸ್ ಕ್ಲಬ್‌ನಲ್ಲಿ ಪಳಗಿದವರು. ಬ್ರಿಟಿಷ್ ಸೇನಾ ತಂಡಗಳೇ ಮೆರೆಯುತ್ತಿದ್ದ ಮುಂಬೈಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡವದು. ಮರುವರ್ಷವೂ ಕಪ್ಪು ಬೆಂಗಳೂರಿಗೇ ಬಂತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತು. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿದ್ದವು. ಭಾರತದ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. ಆದರೆ ಈ ಪಂದ್ಯದ ಮಾತೆತ್ತಿದರೆ ಸಾಕು, ‘ಪಾಪ, ಬರಿಗಾಲಲ್ಲಿ ಆಡಿದರು’ ಎಂಬಲ್ಲಿಗೆ ಕಥೆ ನಿಂತುಬಿಡುತ್ತದೆ. ಆ ಕನಿಕರ ಅವರಿಗೆ ಅನ್ಯಾಯ ಮಾಡುತ್ತದೆ. ಬೂಟಿಲ್ಲದ ಆಟ ಅಂದು ಅವರಿಗೆ ರೂಢಿ. ಚೆಂಡಿನ ಮೇಲಿನ ಹಿಡಿತ ಬಂದದ್ದೂ ಆ ಪಾದಗಳಿಂದಲೇ.

ಆ ಹಿಡಿತ ಕಣ್ತುಂಬಿಕೊಂಡದ್ದು ಕೋಲ್ಕತ್ತ. ಈಸ್ಟ್ ಬೆಂಗಾಲ್ ಕ್ಲಬ್‌ನ ಮುನ್ಪಡೆಯಲ್ಲಿ ಅಪ್ಪಾ ರಾವ್, ಧನರಾಜ್, ಸಾಲೆ, ವೆಂಕಟೇಶ್ ಜತೆ ಅಹ್ಮದ್ ನಿಂತರೆ ಅಲ್ಲಿನ ಜನ ಈ ಐವರನ್ನು ‘ಪಂಚಪಾಂಡವರು’ ಎಂದೇ ಕರೆದರು. 1949, 1950, 1951 – ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಅವರದಾಯಿತು. 1951ರಲ್ಲೇ ಭಾರತ ತಂಡದೊಂದಿಗೆ ಅಹ್ಮದ್‌ಗೆ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಚಿನ್ನವೂ ಬಂತು.

1952ರ ಹೆಲ್ಸಿಂಕಿ ಒಲಿಂಪಿಕ್ಸನ್ನು ಮುಚ್ಚಿಡಬೇಕಿಲ್ಲ. ಯುಗೊಸ್ಲಾವಿಯಾ 10–1ರಿಂದ ಭಾರತವನ್ನು ಸೋಲಿಸಿತು. ಬೂಟು, ಚಳಿ, ತಯಾರಿ ಎಲ್ಲದರಲ್ಲೂ ಭಾರತ ಹಿಂದಿತ್ತು. ಆ ಬಳಿಕ ಬೂಟು ಕಡ್ಡಾಯವಾಯಿತು. ಅಷ್ಟು ದೊಡ್ಡ ಸೋಲಿನ ನಡುವೆಯೂ 89ನೇ ನಿಮಿಷದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಅಹ್ಮದ್. ಹತ್ತು ಗೋಲು ಬಿಟ್ಟುಕೊಟ್ಟ ಮೇಲೂ ಎದುರಾಳಿಯ ಗೋಲಿನತ್ತ ನುಗ್ಗುವ ಆಟಗಾರನನ್ನು ಮಕ್ಕಳಿಗೆ ಪರಿಚಯಿಸದೆ ಇನ್ನಾರನ್ನು ಪರಿಚಯಿಸಬೇಕು?

2017ರ ಆಗಸ್ಟ್‌ನಲ್ಲಿ ಅಹ್ಮದ್ ಬೆಂಗಳೂರಿನಲ್ಲಿ ತೀರಿಕೊಂಡರು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಅವರ ಹೆಸರಲ್ಲಿ ಕಿರಿಯರಿಗೊಂದು ಟೂರ್ನಿ ನಡೆಸಲಿ. ಅದರ ಪಂದ್ಯಗಳು ಬೆಂಗಳೂರಿಗೆ ಸೀಮಿತವಾಗದೆ ಮಂಗಳೂರಿನ ನೆಹರೂ ಮೈದಾನಕ್ಕೂ ಬರಲಿ. ಹಳೆಯ ಆಟಗಾರರ ಮನೆಗಳಲ್ಲಿ ಉಳಿದಿರಬಹುದಾದ ಫೋಟೊ, ಪದಕ, ಪತ್ರಿಕೆಯ ತುಣುಕುಗಳನ್ನು ಕ್ರೀಡಾ ಇಲಾಖೆ ಈಗಲೇ ಕಲೆಹಾಕಲಿ. ಧೂಳು ಹಿಡಿದು ಹಾಳಾದ ಮೇಲೆ ಯಾವ ಅನುದಾನದಿಂದಲೂ ಅವನ್ನು ಮರಳಿ ತರಲಾಗದು.