ಕ್ಷಮೆ ಕೇಳಿಸುವ ಚಟ

ನಟ ಕಮಲ್ ಹಾಸನ್ ಹೇಳಿದ್ದು ತಪ್ಪು. ಕನ್ನಡ ತಮಿಳಿನಿಂದ ಹುಟ್ಟಿದ್ದಲ್ಲ; ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಭಾಷೆಗಳು. 2025ರ ಮೇ ತಿಂಗಳಲ್ಲಿ ಆ ಮಾತು ಕೇಳಿಬಂದಾಗ ಹತ್ತು ಸಾಲಿನಲ್ಲಿ ಅದರ ಸುಳ್ಳು ಬಯಲು ಮಾಡಬಲ್ಲ ವಿದ್ವಾಂಸರು ನಮ್ಮಲ್ಲಿದ್ದರು. ನಾವು ಮಾಡಿದ್ದೇ ಬೇರೆ. ಕ್ಷಮೆ ಕೇಳದಿದ್ದರೆ ಅವರ ‘ಥಗ್ ಲೈಫ್’ ಚಿತ್ರ ಇಲ್ಲಿ ಓಡುವುದಿಲ್ಲ ಎಂದು ಚಲನಚಿತ್ರ ವಾಣಿಜ್ಯ ಮಂಡಳಿ ಪಟ್ಟು ಹಿಡಿಯಿತು. ಚಿತ್ರಕ್ಕೆ ರಕ್ಷಣೆ ಕೋರಿ ಬಂದವರನ್ನು ಹೈಕೋರ್ಟ್ ಕೂಡ ಕ್ಷಮೆ ಕೇಳಬಹುದಿತ್ತಲ್ಲವೇ ಎಂದು ಕೇಳಿತು. ಜೂನ್ 5ರಂದು ಬೇರೆಡೆ ತೆರೆಕಂಡ ಚಿತ್ರ ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಕ್ಷಮೆ ಕೇಳಿಸುವುದು ಹೈಕೋರ್ಟಿನ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ ಚುಚ್ಚಿ ಹೇಳಿತು. ರಾಜ್ಯ ಸರ್ಕಾರ ಅಲ್ಲಿ ಭದ್ರತೆಯ ಭರವಸೆ ಕೊಡುವ ಹೊತ್ತಿಗೆ ಎರಡು ವಾರ ಕಳೆದಿತ್ತು.

ತಾರೆಗೆ ಆದದ್ದು ಗಲ್ಲಾಪೆಟ್ಟಿಗೆಯ ನಷ್ಟ. ಹಣಬಲವಾಗಲಿ ಅಭಿಮಾನಿ ಬಳಗವಾಗಲಿ ಇಲ್ಲದ ಸಂಶೋಧಕನ ಪಾಡೇನು? ಎಂ.ಎಂ. ಕಲಬುರ್ಗಿಯವರನ್ನು ನೆನೆಯಿರಿ. ತಮ್ಮ ‘ಮಾರ್ಗ’ ಗ್ರಂಥದ ಲೇಖನಗಳಲ್ಲಿ ಚನ್ನಬಸವಣ್ಣನ ಹುಟ್ಟಿನ ಬಗ್ಗೆ ಅವರು ಎತ್ತಿದ ಪ್ರಶ್ನೆ ಕೆಲವರನ್ನು ಕೆರಳಿಸಿತು. 1989ರಲ್ಲಿ ಅವರು ಬರೆದದ್ದನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವ ಉಳಿಸಲು ಹಾಗೆ ಮಾಡಿದೆ, ಅಂದೇ ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದು ಅವರೇ ಹೇಳಿಕೊಂಡರು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 1989ರ ಬೆದರಿಕೆ, 2015ರ ಕೊಲೆ ಎರಡರ ಹಿಂದಿನ ಕೈಗಳೂ ಒಂದೇ ಎನ್ನುತ್ತಿಲ್ಲ. ಆದರೆ ಬೆದರಿಸಿದರೆ ವಿದ್ವಾಂಸ ಬಗ್ಗುತ್ತಾನೆ, ಬಗ್ಗಿಸಿದವರನ್ನು ಯಾರೂ ಕೇಳುವುದಿಲ್ಲ ಎಂಬ ಪಾಠವನ್ನು ಈ ನಾಡು 1989ರಲ್ಲೇ ಕಲಿಸಿತ್ತು.

ವಿಪರ್ಯಾಸವೆಂದರೆ, ಕಾನೂನು ಬಾಯಿ ಬಿಟ್ಟು ಮಾತಾಡಿದ್ದೂ ಅದೇ ವರ್ಷ. ತಮಿಳು ಚಿತ್ರವೊಂದರ ಕುರಿತ ಎಸ್. ರಂಗರಾಜನ್ ಪ್ರಕರಣದಲ್ಲಿ, ಪ್ರತಿಭಟನೆ, ಹಿಂಸೆಯ ಬೆದರಿಕೆ ಇದೆಯೆಂದು ಅಭಿವ್ಯಕ್ತಿಯನ್ನು ಅದುಮುವಂತಿಲ್ಲ, ಗಲಭೆ ನಿಭಾಯಿಸಲಾರೆ ಎಂದು ಸರ್ಕಾರ ಕೈಚೆಲ್ಲುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ 2015ರ ಜನವರಿಯಲ್ಲಿ ನಾಮಕ್ಕಲ್‌ನ ಅಧಿಕಾರಿಗಳು ‘ಶಾಂತಿ ಸಭೆ’ ಕರೆದು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರಿಂದ ಬೇಷರತ್ ಕ್ಷಮೆಗೆ ಸಹಿ ಹಾಕಿಸಿಕೊಂಡರು. ತನ್ನೊಳಗಿನ ಲೇಖಕ ಸತ್ತ ಎಂದು ಘೋಷಿಸಿ ಅವರು ಲೇಖನಿ ಕೆಳಗಿಟ್ಟರು. ಶಾಂತಿ ಸಭೆಯ ಆ ಒಪ್ಪಂದಕ್ಕೆ ಬೆಲೆಯಿಲ್ಲ ಎಂದು ಮದ್ರಾಸ್ ಹೈಕೋರ್ಟ್ ಹೇಳಲು 2016ರ ಜುಲೈ ಬರಬೇಕಾಯಿತು.

‘ಹಾಗಾದರೆ ಮಾತಿಗೆ ಮಿತಿಯೇ ಬೇಡವೇ?’ ಎಂಬ ಪ್ರಶ್ನೆ ಏಳುತ್ತದೆ. ಬೇಕು, ಇದೆ. ಸಂವಿಧಾನದ 19(2)ನೇ ವಿಧಿ ಮಿತಿಗಳನ್ನು ಪಟ್ಟಿ ಮಾಡಿದೆ: ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಇತ್ಯಾದಿ. ‘ನನಗೆ ನೋವಾಯಿತು’ ಎಂಬುದು ಅದರಲ್ಲಿಲ್ಲ. ಒಂದು ಸಮುದಾಯವನ್ನು ಹೊಡೆಯಿರಿ ಎಂದವನ ಮೇಲೆ ಕೇಸು ಹಾಕಿ. ಭಾಷೆಯ ಇತಿಹಾಸ ತಪ್ಪಾಗಿ ಹೇಳಿದವನಿಗೆ ಉತ್ತರ ಕೊಡಿ. ಸಿಟ್ಟಿದ್ದರೆ ಟಿಕೆಟ್ ಕೊಳ್ಳಬೇಡಿ, ಅದು ನಿಮ್ಮ ಹಕ್ಕು. ಪಕ್ಕದ ಮನೆಯವನೂ ನೋಡಬಾರದು ಎಂದು ಚಿತ್ರಮಂದಿರಕ್ಕೆ ಬೀಗ ಹಾಕಿಸುವುದು ಯಾರ ಹಕ್ಕೂ ಅಲ್ಲ.

ಧೈರ್ಯವಾಗಿ ಮಾತಾಡಿ ಎಂದು ಲೇಖಕರಿಗೆ ಉಪದೇಶಿಸುವುದು ಸುಲಭ. ಹೆಂಡತಿ ಮಕ್ಕಳ ಮುಖ ನೋಡಿ ಮಣಿದವರನ್ನು ಹೇಡಿ ಎನ್ನಲು ನಾವ್ಯಾರು? ಧೈರ್ಯವನ್ನು ಕೇಳಬೇಕಾದದ್ದು ಸಂಬಳ ಪಡೆದೋ ಅನುದಾನ ಪಡೆದೋ ಕುಳಿತವರನ್ನು. ಕಲಬುರ್ಗಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಆದರೂ ಅಕಾಡೆಮಿಯ ಕಾರ್ಯಕಾರಿ ಮಂಡಳಿ ಅವರ ಹತ್ಯೆಯನ್ನು ಖಂಡಿಸಿ ನಿರ್ಣಯ ಕೈಗೊಂಡದ್ದು 2015ರ ಅಕ್ಟೋಬರ್ 23ರಂದು, ಲೇಖಕರು ಸಾಲಾಗಿ ಪ್ರಶಸ್ತಿ ಹಿಂದಿರುಗಿಸಿದ ಮೇಲೆ. ಸತ್ತವರ ಹೆಸರಿನಲ್ಲಿ ದತ್ತಿ ಉಪನ್ಯಾಸ ಏರ್ಪಡಿಸಿದ ಮಾತ್ರಕ್ಕೆ ಈ ಸಾಲ ತೀರುವುದಿಲ್ಲ. ಬೆದರಿಕೆ ಬಂದ ದಿನವೇ ಪೊಲೀಸರು ಬೆದರಿಸಿದವರ ಮೇಲೆ ಎಫ್‌ಐಆರ್ ದಾಖಲಿಸಲಿ. ಅಂದೇ ವಿಶ್ವವಿದ್ಯಾಲಯ, ಅಕಾಡೆಮಿ, ಸಾಹಿತ್ಯ ಪರಿಷತ್ತುಗಳು, ವಾದ ಒಪ್ಪದಿದ್ದರೂ ವಾದಿಸುವ ಹಕ್ಕು ನಮ್ಮದೂ ಹೌದು ಎಂದು ಲಿಖಿತವಾಗಿ ಹೇಳಲಿ. ಅಷ್ಟು ಮಾಡಲಾಗದ ಸಂಸ್ಥೆಗಳಿಗೆ ಕನ್ನಡಿಗರ ತೆರಿಗೆ ಹಣ ಏಕೆ?